ಕೊಟ್ಟ ಮಾತ್ರೆ, ಏರದ ರಕ್ತ

ಬಸುರಿಯ ರಕ್ತಹೀನತೆಯ ಮಾತು ಬಂದಾಗಲೆಲ್ಲ ಒಂದೇ ದೂರು: ‘ಮಾತ್ರೆ ಕೊಟ್ಟಿದ್ದೇವೆ, ಅವಳೇ ನುಂಗುವುದಿಲ್ಲ.’ ತಪ್ಪನ್ನೆಲ್ಲ ಹೆಂಗಸಿನ ತಲೆಗೆ ಕಟ್ಟುವ ಈ ಮಾತು ಅರ್ಧ ಮಾತ್ರ ಸತ್ಯ.

2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕೆಂಪು ಮಾತ್ರೆ, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣಾಂಶ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇವರೆಲ್ಲರೂ ಅಸಡ್ಡೆಯವರೇ?

ಮಾತ್ರೆ ಮನೆ ಸೇರಿದ ಮೇಲೆ ಏನಾಗುತ್ತದೆ ನೋಡಿ. ನಾಲ್ಕು ದಿನಕ್ಕೆ ಹೊಟ್ಟೆ ತೊಳಸುತ್ತದೆ, ಮಲ ಗಟ್ಟಿಯಾಗಿ ಕಪ್ಪಾಗುತ್ತದೆ. ಕಪ್ಪಾಗುವುದು ಸಹಜವೆಂದು ಮೊದಲೇ ಯಾರೂ ಹೇಳಿರದಿದ್ದರೆ ಹೆದರಿಕೆಯಾಗದೆ ಇರುತ್ತದೆಯೇ? ‘ಅದನ್ನ ತಿಂದ್ರೆ ಮಗು ಕಪ್ಪಾಗುತ್ತೆ ಕಣೇ’ ಎಂದು ಮನೆಯಲ್ಲಿ ಹಿರಿಯರೊಬ್ಬರು ಅಂದರೆ ಮುಗಿಯಿತು, ಮಾತ್ರೆಯ ಪಟ್ಟಿ ಸಾಸಿವೆ ಡಬ್ಬದ ಹಿಂದೆ ಸೇರುತ್ತದೆ. ತಪ್ಪದೆ ನುಂಗುವವಳದ್ದು ಇನ್ನೊಂದು ಕಥೆ. ಇಡ್ಲಿ ತಿಂದು, ಕಾಫಿ ಕುಡಿದು, ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ಇದನ್ನೂ ನುಂಗುತ್ತಾಳೆ. ಕಾಫಿ, ಕ್ಯಾಲ್ಸಿಯಂ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಎರಡು ಗಂಟೆ ಅಂತರವಿರಲಿ, ನಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು ಎಂದು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಅವಳಿಗೆ ಸಿಗುತ್ತಿಲ್ಲ.

ಪತ್ತೆಹಚ್ಚುವುದೂ ತಡವಾಗುತ್ತಿದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಇಳಿದರೆ ರಕ್ತಹೀನತೆ ಎನ್ನುತ್ತಾರೆ. ಆದರೆ ಅದು ಇಳಿಯುವ ಮೊದಲೇ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಖಾಲಿಯಾಗಿರುತ್ತದೆ. ಇದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ, ಸಣ್ಣ ಆಸ್ಪತ್ರೆಗಳಲ್ಲಿ ಅಪರೂಪ.

ಹಾಗಾಗಿ ಹಂಚಿದ ಮಾತ್ರೆಯ ಲೆಕ್ಕಕ್ಕಿಂತ ತಿಂಗಳ ನಂತರದ ಮರುಪರೀಕ್ಷೆ ಮುಖ್ಯ. ರಕ್ತಹೀನತೆಗೆ ದಿನಕ್ಕೆರಡು ಮಾತ್ರೆ ನುಂಗಿಯೂ ಒಂದು ಗ್ರಾಂ ಏರದಿದ್ದರೆ ಬೈಯುವುದಲ್ಲ, ಕಾರಣ ಹುಡುಕಬೇಕು: ಕೊಕ್ಕೆಹುಳುವೇ, ಬಿ12 ಕೊರತೆಯೇ, ಥಲಸ್ಸೀಮಿಯಾವೇ? ಹೆರಿಗೆ ಹತ್ತಿರವಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ದಾರಿಯಿದೆ. ಒಂದೇ ಡ್ರಿಪ್ ಮಾತ್ರೆಗಿಂತ ಮೇಲೇ ಎಂದು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಕರ್ನಾಟಕ ಮತ್ತು ರಾಜಸ್ಥಾನದ ಗರ್ಭಿಣಿಯರಲ್ಲಿ ದೊಡ್ಡ ಅಧ್ಯಯನವನ್ನೇ ಕೈಗೊಂಡಿತು. ಹಿಮೋಗ್ಲೋಬಿನ್ 5 ಗ್ರಾಂಗಿಂತ ಕೆಳಗಿದ್ದರೆ ಮಾತ್ರ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾಗುತ್ತದೆ.

ಹೆರಿಗೆಯ ನಂತರವೂ 180 ದಿನ ಮಾತ್ರೆ ಮುಂದುವರಿಯಬೇಕು. ಅಷ್ಟರಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ಲಸಿಕೆಗೆಂದು ಮಗುವನ್ನು ಎತ್ತಿಕೊಂಡು ಬಂದ ಬಾಣಂತಿಯ ಬೆರಳಿನಿಂದಲೂ ಅದೇ ದಿನ, ಅದೇ ಮೇಜಿನ ಬಳಿ, ಒಂದು ಹನಿ ರಕ್ತ ತೆಗೆದು ನೋಡಬಹುದು.