ನಡುವಣ ತೊಟ್ಟಿ

ಮೈಸೂರಿನ ಶ್ರೀರಾಂಪುರದ ಗೃಹಿಣಿಯರಿಗೆ ತೊಟ್ಟಿಯ ಉಪಯೋಗವನ್ನು ಯಾರೂ ಬೋಧಿಸಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬರುವುದು ಅದರ ಹೊತ್ತಿಗೆ. ಮನೆಯವರಿಗೆ ಬೇಕಾಗುವುದು ತಮ್ಮ ಹೊತ್ತಿಗೆ. ಈ ಎರಡು ಹೊತ್ತುಗಳ ವ್ಯಾಜ್ಯವನ್ನು ನೆಲದೊಳಗಿನ ಸಂಪು ತೀರ್ಮಾನಿಸುತ್ತದೆ. ಗಣಕಯಂತ್ರದ ಹೊಟ್ಟೆಯಲ್ಲಿಯೂ ಇಂಥ ತೊಟ್ಟಿಗಳುಂಟು. ಅವಕ್ಕೆ ಬಫರ್ ಎಂದು ಹೆಸರು.

ಅಲ್ಲಿಯ ಒಂದು ಮನೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ, “ಎಲ್ಲಾ ಇದರಲ್ಲಿದೆ ತಾತ” ಎಂದು ಪೆನ್‌ಡ್ರೈವನ್ನು ಯಂತ್ರದಿಂದ ಕಿತ್ತು ಕೊಟ್ಟ. ತಾತನ ಸಹಸ್ರಚಂದ್ರ ದರ್ಶನ ಶಾಂತಿಯ ಚಿತ್ರಗಳು ಅವು. ಶಾಂತಿ ನಡೆದ ಎರಡು ತಿಂಗಳಿಗೆ ಅಜ್ಜಿ ತೀರಿಕೊಂಡಿದ್ದರು. ಸ್ಟುಡಿಯೋದಲ್ಲಿ ತೆರೆದು ನೋಡಿದಾಗ ಹೆಸರುಗಳಿದ್ದುವು, ಚಿತ್ರಗಳಿರಲಿಲ್ಲ. ಹುಡುಗ ನಕಲು ಮಾಡದೆ ಸ್ಥಳಾಂತರಿಸಿಬಿಟ್ಟಿದ್ದನಾದುದರಿಂದ ಮನೆಯ ಯಂತ್ರದಲ್ಲಿಯೂ ಅವು ಅಳಿಸಿಹೋಗಿದ್ದುವು.

“ಮುಗಿಯಿತು ಅಂತ ಅದೇ ತೋರಿಸಿತಲ್ಲೋ?” ಎಂದರು ತಾತ.

ತೋರಿಸಿದ್ದು ನಿಜ, ಮುಗಿದಿರಲಿಲ್ಲವೆಂಬುದೂ ನಿಜ. ಯಂತ್ರದ ಸ್ಮೃತಿ ಅತಿ ಚುರುಕು, ಪೆನ್‌ಡ್ರೈವ್ ಅದರ ಮುಂದೆ ಎತ್ತಿನ ಗಾಡಿ. ಆದಕಾರಣ ಆಪರೇಟಿಂಗ್ ಸಿಸ್ಟಂ ಬಂದ ಸರಕನ್ನೆಲ್ಲ ಸ್ಮೃತಿಯ ತೊಟ್ಟಿಗೆ ಸುರಿದುಕೊಂಡು, “ಆಯಿತು” ಎಂದುಬಿಡುತ್ತದೆ. ಅದನ್ನು ತುಣುಕುತುಣುಕಾಗಿ ಸಾಧನಕ್ಕೆ ಮುಟ್ಟಿಸುವ ಕೆಲಸ ಡ್ರೈವರ್ ಎಂಬ ತಂತ್ರಾಂಶದ್ದು. ಆ ಮನೆಯಲ್ಲಿದ್ದ ಲಿನಕ್ಸ್ ವ್ಯವಸ್ಥೆಯಲ್ಲಿ, ರೂಢಿಯ ಏರ್ಪಾಡಿನಂತೆ, ಸರಕು ಸುಮಾರು 30 ಸೆಕೆಂಡು ತೊಟ್ಟಿಯಲ್ಲಿಯೇ ಕುಳಿತಿರಬಹುದು. ‘ಸುರಕ್ಷಿತವಾಗಿ ತೆಗೆ’ ಎಂಬ ಆಜ್ಞೆಯ ಅರ್ಥ, ಕೊನೆಯ ಹನಿಯವರೆಗೂ ತೊಟ್ಟಿಯನ್ನು ಬರಿದುಮಾಡಿ ಆಮೇಲೆ ಹೇಳು ಎಂಬುದಷ್ಟೇ. ಜನ ಅವಸರಗಾರರೆಂದು ಕಂಡುಕೊಂಡೋ ಏನೋ, 2018ರ ವಿಂಡೋಸ್ ಆವೃತ್ತಿಯಿಂದ ಈಚೆಗೆ ಪೆನ್‌ಡ್ರೈವಿಗೆ ಬರೆಯುವುದನ್ನು ಹೀಗೆ ತಡೆದಿಡದಿರುವುದೇ ರೂಢಿಯ ಏರ್ಪಾಡಾಗಿದೆ.

ಹಾಗಾದರೆ ತೊಟ್ಟಿಯೇ ಬೇಡವೆನ್ನೋಣವೇ? ಹಳೆಯ ಕಾಲದ ಗಣಕಗಳಲ್ಲಿ ತಂತಿಯ ಮೂಲಕ ಬಂದ ಅಕ್ಷರಗಳನ್ನು ಸ್ವೀಕರಿಸಲು 8250 ಎಂಬ ಚಿಪ್ ಇತ್ತು. ಅದರಲ್ಲಿ ಒಂದೇ ಅಕ್ಷರಕ್ಕೆ ಜಾಗ. ಸೆಕೆಂಡಿಗೆ 960 ಅಕ್ಷರಗಳಂತೆ ಬರುತ್ತಿರುವಾಗ ಡ್ರೈವರ್ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಓಡಿಬಂದು ಎತ್ತಿಕೊಳ್ಳದಿದ್ದರೆ, ಮುಂದಿನ ಅಕ್ಷರ ಹಿಂದಿನದರ ಮೇಲೆ ಬಿದ್ದು ಅದನ್ನು ನುಂಗಿಬಿಡುತ್ತಿತ್ತು. ಅನಂತರದ 16550 ಸರಣಿಯಲ್ಲಿ 16 ಅಕ್ಷರಗಳ ಸಾಲು ಬಂದು ಡ್ರೈವರಿಗೆ ಉಸಿರಾಡಲು ಬಿಡುವಾಯಿತು. ಹಾಡು ಕೇಳಿಸುವ ಡ್ರೈವರಾದರೋ ಬೀದಿನಲ್ಲಿಯ ಹೆಂಗಸಿನಂತೆ ಎರಡು ಕೊಡ ಇಟ್ಟುಕೊಳ್ಳುವುದುಂಟು: ಒಂದು ತುಂಬುತ್ತಿರುವಾಗ ಇನ್ನೊಂದು ಬರಿದಾಗುತ್ತಿರುತ್ತದೆ. ತುಂಬುವುದು ತಡವಾಯಿತೋ, ಆಲಾಪನೆಯ ನಡುವೆ ‘ಕಟ್’ ಎಂಬ ಸದ್ದು! ಕೊಡ ತೀರ ದೊಡ್ಡದಾದರೂ ಕಷ್ಟವೇ. ಫೋನಿನಲ್ಲಿ ಮಗಳು ಆಡಿದ ಮಾತು ಅದರಲ್ಲಿ ಕಾದುಕುಳಿತು ತಡವಾಗಿ ತಾಯಿಗೆ ತಲಪುತ್ತದೆ.

ಶ್ರೀರಾಂಪುರದ ಹುಡುಗನಿಗೆ ಇವೆಲ್ಲ ಪಠ್ಯದಲ್ಲಿದ್ದುವು. ಅಳಿಸಿದ ಕಡತದ ವಿಳಾಸ ಹೋದರೂ, ಹಾರ್ಡ್ ಡಿಸ್ಕಿನ ಆ ಜಾಗದ ಮೇಲೆ ಬೇರೆಯದನ್ನು ಬರೆಯುವವರೆಗೆ ಒಡಲು ಉಳಿದಿರಬಹುದೆಂಬುದೂ ಅವನಿಗೆ ನೆನಪಾಯಿತು. ಮರುಮಾತಾಡದೆ ಯಂತ್ರವನ್ನು ನಿಲ್ಲಿಸಿ, ಬಲ್ಲವರಲ್ಲಿಗೆ ಒಯ್ದ. ಮೂರನೆಯ ದಿನ ಹನ್ನೊಂದು ಚಿತ್ರಗಳು ಮರಳಿದುವು. ಅಜ್ಜಿ ಎರಡರಲ್ಲಿದ್ದರು, ಒಂದರಲ್ಲಿ ಬೆನ್ನು ತಿರುಗಿಸಿ, ಯಾರಿಗೋ ಕಾಫಿ ಕೊಡುತ್ತ.