ಮರ ಕೊಯ್ಯೋ ಮಷಿನ್‌ಗೆ ‘ಪೋರ್ಟ್ ಉಜ್ಜಿಸಿದ್ರೆ’ ನಿಜಕ್ಕೂ ಪಿಕಪ್ ಬರುತ್ತಾ?

ಮಂಡ್ಯ: ಮುಂಗಾರು ಪೂರ್ವ ಗಾಳಿ-ಮಳೆ ಶುರುವಾದರೆ ಸಾಕು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕುಗಳಲ್ಲಿ ಮರ ಕೊಯ್ಯೋ ಮಷಿನ್‌ಗಳಿಗೆ ಬಿಡುವಿಲ್ಲ. ರಸ್ತೆಗೆ ಬಿದ್ದ ಮರ, ಸುಳಿ ಒಣಗಿದ ತೆಂಗು, ಬದುವಿನ ನೀಲಗಿರಿ ಎಲ್ಲಕ್ಕೂ ಈಗ ಚೈನ್‌ಸಾನೇ ಬೇಕು. ಕೊಡಲಿ, ಗರಗಸ ಅಟ್ಟ ಸೇರಿ ಎಷ್ಟೋ ವರ್ಷವಾಯ್ತು. ಮಷಿನ್ ಜಾಸ್ತಿಯಾದಂತೆ ‘ಎಳೀತಿಲ್ಲ’ ಅನ್ನೋ ದೂರೂ ಜಾಸ್ತಿಯಾಗಿದೆ. ಅದಕ್ಕೆ ಮದ್ದು ಅಂತ ಕೇಳಿಬರೋದು ಒಂದೇ: ಸಿಲಿಂಡರ್ ಬಿಚ್ಚಿ ಪೋರ್ಟ್‌ಗೆ ಅರ ಹಾಕಿಸೋದು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಜತೆಗೆ ಯಮಹಾ ಆರ್‌ಎಕ್ಸ್ 100 ಬಂತು. ಎಲ್ಲವೂ ಟೂ-ಸ್ಟ್ರೋಕ್. ಕಿವಿಯಲ್ಲೇ ಎಂಜಿನ್ ರೋಗ ಹಿಡಿಯೋ ಮೆಕ್ಯಾನಿಕ್‌ಗಳ ಒಂದು ತಲೆಮಾರೇ ಆ ಬೈಕುಗಳ ಮೇಲೆ ಪಳಗಿತು. ಬೈಕುಗಳು ಹೋದವು, ಟೂ-ಸ್ಟ್ರೋಕ್ ಉಳಿದದ್ದು ಚೈನ್‌ಸಾ, ಕಳೆ ಕೊಚ್ಚೋ ಮಷಿನ್, ಔಷಧಿ ಹೊಡೆಯೋ ಪಂಪುಗಳಲ್ಲಿ.

ಬೈಕಿಗೆ ಒಗ್ಗಿದ್ದು ಮರದ ಮಷಿನ್‌ಗೂ ಒಗ್ಗುತ್ತಾ ಅನ್ನೋದೇ ಪ್ರಶ್ನೆ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿರೋ ಕಿಂಡಿಗಳೇ ಪೋರ್ಟ್. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತೆರೀತದೆ, ಮುಚ್ಚುತ್ತದೆ. ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ಮೊದಲು ತೆರೀಬೇಕು, ಆಮೇಲೆ ಹೊಸ ಪೆಟ್ರೋಲ್-ಗಾಳಿ ಬರುವ ಟ್ರಾನ್ಸ್‌ಫರ್ ಪೋರ್ಟ್. ಈ ಅಂತರವೇ ಟೈಮಿಂಗ್. ಸಾಮಾನ್ಯ ಚೈನ್‌ಸಾದಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತಿದರೆ ಅದು ಸುಮಾರು 4 ಡಿಗ್ರಿ ಮೊದಲೇ ತೆರೆದು 4 ಡಿಗ್ರಿ ತಡವಾಗಿ ಮುಚ್ಚುತ್ತದೆ. ಒಟ್ಟು 8 ಡಿಗ್ರಿ ಫರಕು. ಅರವನ್ನು ನಾಲ್ಕು ಸಲ ಜಾಸ್ತಿ ಎಳೆದರೆ ಬರೋ ಫರಕು ಇದು.

ಆಗ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡುತ್ತದೆ ಅನ್ನೋದು ಸುಳ್ಳಲ್ಲ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಪೋರ್ಟ್ ಮತ್ತು ಸೈಲೆನ್ಸರ್ ಲೆಕ್ಕಾಚಾರದಿಂದಲೇ 1961ರ ಹೊತ್ತಿಗೆ 125 ಸಿಸಿ ರೇಸ್ ಬೈಕಿನಲ್ಲಿ 25 ಹೆಚ್‌ಪಿ ತೆಗೆದಿದ್ದರು. ಆದರೆ ರೇಸ್ ಬೈಕಿಗೆ ಗೇರ್ ಇರುತ್ತದೆ. ಶಕ್ತಿ ಸಿಗೋ ಆ ಸಣ್ಣ ಆರ್‌ಪಿಎಂ ಪಟ್ಟಿಯೊಳಗೇ ಎಂಜಿನ್ ಓಡುವಂತೆ ಸವಾರ ಗೇರ್ ಬದಲಿಸಿಕೊಳ್ಳುತ್ತಾನೆ. ಚೈನ್‌ಸಾಗೆ ಗೇರ್ ಎಲ್ಲಿದೆ? ಇರೋದು ಒಂದು ಕ್ಲಚ್ ಅಷ್ಟೆ. ಉದ್ದ ಬಾರ್ ದಪ್ಪ ಮರದೊಳಗೆ ಹೂತು ಆರ್‌ಪಿಎಂ ಇಳಿದಾಗ ಬೇಕಾಗೋದು ಕೆಳಗಿನ ಎಳೆತ. ಪೋರ್ಟ್ ಎತ್ತಿಸಿದವರು ಕಳಕೊಳ್ಳೋದು ಅದನ್ನೇ. ಗಾಳಿಯಲ್ಲಿ ಥ್ರಾಟಲ್ ಒತ್ತಿದರೆ ಕಿರುಚುತ್ತೆ, ಮರಕ್ಕೆ ಇಟ್ಟರೆ ಮುಗ್ಗರಿಸುತ್ತೆ.

ಇನ್ನೂ ಒಂದು ಅಪಾಯ ಬೋರ್ ಒಳಗಿದೆ. ಚೈನ್‌ಸಾ ಸಿಲಿಂಡರ್ ಅಲ್ಯೂಮಿನಿಯಂ. ಒಳಗೋಡೆಗೆ ಕ್ರೋಮ್ ಅಥವಾ ನಿಕಲ್ ಲೇಪನ ಇರುತ್ತದೆ. ಹಳೇ ಯೆಜ್ಡಿ ತರ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕೋ ಮಾತೇ ಇಲ್ಲ. ಅರದ ತುದಿ ತಾಗಿ ಲೇಪನ ಎದ್ದರೆ, ಅಂಚು ಮೊಂಡು ಮಾಡದೆ ಬಿಟ್ಟರೆ ಅಥವಾ ಪೋರ್ಟ್ ವಿಪರೀತ ಅಗಲ ಮಾಡಿದರೆ, ರಿಂಗ್ ಸಿಕ್ಕಿ ತುಂಡಾಗಿ ಪಿಸ್ಟನ್ ಸಮೇತ ಹೋಗುತ್ತದೆ. ಕೆಲವರು ಕಂಪ್ರೆಷನ್ ಏರಿಸೋಕೆ ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದುಬಿಡುತ್ತಾರೆ. ಸಿಲಿಂಡರ್ ಇಳಿದರೆ ಎಲ್ಲಾ ಪೋರ್ಟುಗಳೂ ಇಳಿಯುತ್ತವೆ, ಎಕ್ಸಾಸ್ಟ್ ತಡವಾಗಿ ತೆರೀತದೆ, ಇನ್‌ಟೇಕ್ ಬೇಗ ತೆರೀತದೆ. ಪಿಸ್ಟನ್‌ಗೂ ಹೆಡ್‌ಗೂ ನಡುವೆ ಅರ್ಧ ಮಿ.ಮೀ.ಯಾದರೂ ಜಾಗ ಉಳಿದಿದೆಯಾ ಅಂತ ಅಳೆಯದೆ ಮಾಡಿದರೆ ಬಡಿದುಕೊಳ್ಳೋದೂ ಉಂಟು. ಡಿಗ್ರಿ ಚಕ್ರ ಹಾಕಿ, ಅಳತೆ ಬರೆದಿಟ್ಟುಕೊಂಡು ಮಾಡೋ ಕೆಲಸವನ್ನು ಕಣ್ಣಂದಾಜಿನಲ್ಲಿ ಮಾಡಿದರೆ ಇಷ್ಟೇ.

ಹಾಗಾದರೆ ಮಷಿನ್ ಯಾಕೆ ಎಳೀತಿಲ್ಲ? ಮೊದಲು ಬಂಕಿನ ಕಡೆ ನೋಡಬೇಕು. ದೇಶದಲ್ಲಿ ಪೆಟ್ರೋಲ್‌ಗೆ ಎಥನಾಲ್ ಬೆರೆಸೋ ಪ್ರಮಾಣ 2025ಕ್ಕೆ ಶೇ 20 ಮುಟ್ಟಿತು. ಕಬ್ಬು ಬೆಳೆಯೋ ಜಿಲ್ಲೆಗೆ ಎಥನಾಲ್ ಬೇಡ ಅನ್ನೋ ಮಾತು ಬರಲ್ಲ, ಸರಿ. ಆದರೆ ಹಸ್ಕ್‌ವರ್ನಾ ತನ್ನ ಚೈನ್‌ಸಾಗಳಿಗೆ ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಅನ್ನುತ್ತದೆ. ಸ್ಟಿಲ್ ಕಂಪನಿ, ಕಾರ್ಬೊರೇಟರನ್ನು ಕೈಯಲ್ಲಿ ತಿರುವಿ ಹೊಂದಿಸೋ ಮಷಿನ್‌ಗಳು ಶೇ 10 ದಾಟಿದರೆ ತೊಂದರೆ ಕೊಡಬಹುದು ಅನ್ನುತ್ತದೆ. ಎಥನಾಲ್ ಹೆಚ್ಚಾದಾಗ ಹಳೇ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಬಿಸಿಯಾಗುತ್ತದೆ. ಅದು ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಲ್ಲೇ ಬಿಟ್ಟ ಮಷಿನ್‌ನ ಪೈಪು, ಡಯಾಫ್ರಾಂ ಗಟ್ಟಿಯಾಗಿ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ. ಮೊದಲೇ ಬಿಸಿಯಾಗೋ ಎಂಜಿನ್‌ಗೆ ಪೋರ್ಟ್ ಅಗಲ ಮಾಡಿಸಿ ಕಾರ್ಬೊರೇಟರ್ ಹಾಗೇ ಬಿಟ್ಟರೆ ಸೀಜ್ ಆಗೋದು ಬಹುತೇಕ ಗ್ಯಾರಂಟಿ.

ಎರಡನೇದು ಚೈನು. ತೆಂಗಿನ ಕಾಂಡ ಹೊರಗೆ, ಅದರಲ್ಲೂ ಬುಡದಲ್ಲಿ, ಕಬ್ಬಿಣದಂಗೆ, ಒಳಗೆ ಮೆದು. ಆ ಹೊರಭಾಗದಲ್ಲಿರೋ ಸಿಲಿಕಾ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಚೆಕ್ಕೆ ಬೀಳೋ ಬದಲು ಹಿಟ್ಟು ಉದುರುತ್ತಿದ್ದರೆ ತಪ್ಪು ಎಂಜಿನ್‌ದಲ್ಲ. .325 ಚೈನಿಗೆ 4.8 ಮಿ.ಮೀ. ದುಂಡರ, 3/8 ಚೈನಿಗೆ 5.2 ಅಥವಾ 5.5. ಹಾರ್ಡ್‌ವೇರ್ ಅಂಗಡಿಯವರು ಮಷಿನ್ ಜತೆ ಸರಿಯಾದ ಅರ ಒಂದನ್ನು ಕೊಟ್ಟು ಹಲ್ಲು ಹಿಡಿಯೋದು ತೋರಿಸಿದರೆ ಅರ್ಧ ದೂರು ಕೌಂಟರ್‌ನಲ್ಲೇ ಮುಗಿಯುತ್ತದೆ. ಉಳಿದರ್ಧ ಏರ್ ಫಿಲ್ಟರ್‌ನಲ್ಲೂ ಸೈಲೆನ್ಸರ್ ಒಳಗೆ ಕಟ್ಟಿದ ಕರಿಯಲ್ಲೂ ಇರುತ್ತದೆ.

ಅಂಗಡಿಯವರಿಗೆ ಇನ್ನೊಂದು ಮಾತು. ಕಡಿಮೆ ಬೆಲೆಯ ಮಷಿನ್ ಮೇಲೆ ‘58 ಸಿಸಿ’ ಅಂತ ಇದ್ದರೆ ಒಮ್ಮೆ ಅಳೆಯಬಹುದು. ಈ ವರ್ಗದಲ್ಲಿ 45.2 ಮಿ.ಮೀ. ಬೋರ್ ಸಾಮಾನ್ಯ, 58 ಸಿಸಿ ಬರಬೇಕಾದರೆ ಸ್ಟ್ರೋಕ್ 36 ಮಿ.ಮೀ. ಇರಲೇಬೇಕು. ಇಲ್ಲದಿದ್ದರೆ ಗಿರಾಕಿ ಹುಡುಕ್ತಿರೋ ಪಿಕಪ್ ಡಬ್ಬದ ಮೇಲೆ ಮಾತ್ರ ಇತ್ತು ಅಂತ ಅರ್ಥ.

ಸೈಲೆನ್ಸರ್ ಕೊರೆಸೋದಂತೂ ಬರೀ ಮಷಿನ್ ಮಾಲೀಕನ ವಿಷಯವಲ್ಲ. ಕಿಡಿ ಹೊರಬಾರದಂತೆ ಒಳಗಿರೋ ಜಾಲರಿಯನ್ನೂ ಆಗ ಕಿತ್ತೆಸೆಯುತ್ತಾರೆ. ಪಾಂಡವಪುರ ತಾಲ್ಲೂಕಲ್ಲಿ ಮೇಲುಕೋಟೆ ವನ್ಯಧಾಮ ಇದೆ, ನಾಗಮಂಗಲದಲ್ಲಿ ಆದಿಚುಂಚನಗಿರಿ ನವಿಲುಧಾಮ. ಫೆಬ್ರವರಿ-ಮಾರ್ಚ್‌ನಲ್ಲಿ ಒಣಹುಲ್ಲು ಆಳೆತ್ತರ ನಿಂತಿರುವಾಗ ಒಂದು ಕಿಡಿ ಸಾಕು. ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ಹಕ್ಕಿ ಗೂಡು ಕಟ್ಟೋ ಕಾಲದಲ್ಲಿ ಆ ಸದ್ದೇ ಒಂದು ಉಪದ್ರವ. ಇನ್ನು ಮರದ ವಿಚಾರಕ್ಕೆ ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ತೆಂಗು, ನೀಲಗಿರಿ, ಸರ್ವೆಯಂಥ ಕೆಲವು ಬಿಟ್ಟು ಬೇರೆ ಮರಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಮಷಿನ್ ಬೇಗ ಕೊಯ್ಯುತ್ತೆ ಅಂತ ಕಾಗದ ತಪ್ಪಲ್ಲ.

ಕೂಲಿಗೆ ಮರ ಕೊಯ್ಯೋ ಹುಡುಗರಿಗೆ ಮಷಿನ್ನೇ ಬಂಡವಾಳ. ಸೀಜ್ ಆದರೆ ಸಿಲಿಂಡರ್ ಕಿಟ್ ಖರ್ಚಿನ ಜತೆ ಹಂಗಾಮಿನ ದಿನಗೂಲಿಯೂ ಹೋಗುತ್ತದೆ. ಮೂತಿ ಮರಕ್ಕೆ ತಗುಲಿ ಬಾರ್ ಹಿಂದಕ್ಕೆ ಎಗರಿದಾಗ, ಜೋರಾಗಿ ಓಡೋ ಚೈನು ಕಾಲು, ಕುತ್ತಿಗೆಗೆ ಅಷ್ಟೇ ಜೋರಾಗಿ ಬರುತ್ತದೆ. ಚೈನ್ ಬ್ರೇಕ್ ಕೆಲಸ ಮಾಡದ ಮಷಿನ್‌ಗೆ ಪೋರ್ಟ್ ಕೆಲಸ ಮಾಡಿಕೊಡೋಕೆ ಮೆಕ್ಯಾನಿಕ್‌ಗಳು ಒಪ್ಪಬಾರದು.

ಸೆಕೆಂಡ್ ಹ್ಯಾಂಡ್ ಕೊಳ್ಳೋರು ಸೈಲೆನ್ಸರಿನ ಬೋಲ್ಟ್ ಬಿಚ್ಚಿಸಿ, ಟಾರ್ಚ್ ಬಿಟ್ಟು ಎಕ್ಸಾಸ್ಟ್ ಪೋರ್ಟ್ ನೋಡಲಿ. ಅಂಚು ನಯವಾಗಿದ್ದು ಪಿಸ್ಟನ್ ಮೇಲೆ ಉದ್ದ ಗೀರು ಇಲ್ಲದಿದ್ದರೆ ಮಾತು ಮುಂದುವರಿಸಬಹುದು. ಅರದ ಗುರುತು ಕಂಡರೆ ಅಲ್ಲಿಗೇ ರೇಟು ಇಳಿಸಿ ಕೇಳಬೇಕು.