ರಸ್ತೆ ಏರಿತು, ಮನೆ ತಗ್ಗಿತು

ಗಜೇಂದ್ರಗಡದಂತಹ ಪಟ್ಟಣಗಳ ಹಳೆಯ ಓಣಿಗಳಲ್ಲಿ ನಡೆದಾಡುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅಜ್ಜಂದಿರ ಕಾಲದ ಕಲ್ಲುಗೋಡೆಯ ಮನೆಗಳಿಗೆ ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗಬೇಕಾಗಿತ್ತು. ಇಂದು ಅಂತಹ ಎಷ್ಟೋ ಮನೆಗಳಿಗೆ ಬೀದಿಯಿಂದ ಇಳಿದು ಹೋಗಬೇಕಾಗಿದೆ. ಮನೆ ಕುಸಿದಿಲ್ಲ, ರಸ್ತೆ ಏರಿದೆ. ಹಳೆಯ ರಸ್ತೆಯನ್ನು ಕಿತ್ತು ತೆಗೆಯದೆ ಅದರ ಮೇಲೆಯೇ ಆರೇಳು ಇಂಚು ಕಾಂಕ್ರೀಟ್ ಸುರಿಯುವುದು, ಕೆಲವು ವರ್ಷಗಳ ನಂತರ ಇನ್ನೊಂದು ಅನುದಾನ ಬಂದಾಗ ಅದರ ಮೇಲೆ ಮತ್ತೊಂದು ಪದರ ಹಾಕುವುದು. ಎರಡು ಸಲ ಅಭಿವೃದ್ಧಿಯಾಯಿತೆಂದರೆ ಬೀದಿಯು ಒಂದು ಅಡಿ ಮೇಲೇರಿತೆಂದೇ ಅರ್ಥ.

2018ರಲ್ಲಿ ಗಜೇಂದ್ರಗಡವು ತಾಲೂಕು ಕೇಂದ್ರವಾಯಿತು. ಕಚೇರಿಗಳು ಬಂದವು, ಕಾಮಗಾರಿಗಳ ನಿರೀಕ್ಷೆಯೂ ಬೆಳೆಯಿತು. ಅಭಿವೃದ್ಧಿಯನ್ನು ನಾವು ವಿರೋಧಿಸುತ್ತಿಲ್ಲ. ಕೆಸರಿನ ಓಣಿಯಲ್ಲಿ ವೃದ್ಧರು ಜಾರಿ ಬೀಳುವುದನ್ನು ಕಂಡವರು ಸಿಮೆಂಟ್ ರಸ್ತೆಯನ್ನು ಬೇಡವೆನ್ನಲಾರರು. ಆದರೆ ಗುಡ್ಡದ ಬುಡದಲ್ಲಿರುವ ಊರಿಗೆ ಒಂದು ವಿಶೇಷ ಕಷ್ಟವಿದೆ. ಮಳೆ ಬಂದರೆ ಕೋಟೆಯ ಕಡೆಯ ನೀರು ಇಳಿಜಾರನ್ನು ಹುಡುಕಿಕೊಂಡು ಬರುತ್ತದೆ. ಬೀದಿ ಮೇಲೆ, ಪಡಸಾಲೆ ಕೆಳಗೆ ಎಂದಾದಾಗ ಅದು ಎಲ್ಲಿಗೆ ಹೋಗಬೇಕು? ಬಚ್ಚಲಿನ ತೂಬಿಗಿಂತ ಹೊಸ ಚರಂಡಿಯ ತಳವೇ ಎತ್ತರದಲ್ಲಿದ್ದರೆ ಮನೆಯ ಕೊಳಚೆ ಹೊರಗೆ ಹೋಗದು, ಹೊರಗಿನ ಕೊಳಚೆ ಒಳಗೆ ಬಂದೀತು. ಬಾಡಿಗೆಗಿರುವ ಬಡ ನೇಕಾರನ ಮನೆಯಲ್ಲಿ ಮಗ್ಗವು ನೆಲದ ತೇವದಲ್ಲಿ ನಿಂತಿರುವುದೆಂದರೆ ಅದು ಬರೀ ಅನಾನುಕೂಲವಲ್ಲ, ಅನ್ನದ ಪ್ರಶ್ನೆ.

ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದಿರುವ ತೊಂದರೆ ಇದಕ್ಕಿಂತ ಘೋರವಾದುದು.

ಹಳೆಯ ಮನೆಗಳ ನಲ್ಲಿಯ ಸಂಪರ್ಕ ಹೇಗಿರುತ್ತದೆ? ಬೀದಿಯ ಮುಖ್ಯ ಕೊಳವೆಯಿಂದ ಅರ್ಧ ಇಂಚಿನ ಕಬ್ಬಿಣದ ಪೈಪೊಂದು ಹೊರಟು, ಗಟಾರದ ಮೂಲಕವೇ ಹಾದು, ಮನೆಯ ಗೋಡೆಯನ್ನು ಸೇರುತ್ತದೆ. ನಮ್ಮ ಭಾಗದ ಗಡಸು ನೀರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದ ಪೈಪಿನ ಒಳಗೆ ತುಕ್ಕು, ಸುಣ್ಣಕಟ್ಟು. ಹೊರಗೆ ಸದಾ ಗಟಾರದ ನೀರು. ನೀರು ದಿನಗಟ್ಟಲೆ ಅಂತರದಲ್ಲಿ ಬರುವ ಊರುಗಳಲ್ಲಿ ಈ ಪೈಪು ಬಹುಪಾಲು ಸಮಯ ಖಾಲಿಯಾಗಿರುತ್ತದೆ. ತುಂಬಿದ ಪೈಪಿಗೆ ತೂತು ಬಿದ್ದರೆ ನೀರು ಹೊರಗೆ ಸೋರುತ್ತದೆ. ಖಾಲಿ ಪೈಪಿಗೆ ತೂತು ಬಿದ್ದರೆ ಗಟಾರವೇ ಒಳಗೆ ಸೋರುತ್ತದೆ. ಜೆಸಿಬಿಯ ಹಲ್ಲು ತಾಗಿ, ರೋಲರಿನ ಅದುರುವಿಕೆಗೆ ಸಿಲುಕಿ ಹಳೆಯ ಜೋಡಣೆಗಳು ಸಡಿಲವಾಗುವುದು ಸಹಜ. ಅದರ ಮೇಲೆ ಕಾಂಕ್ರೀಟ್ ಬಿದ್ದ ಬಳಿಕ ಸೋರಿಕೆ ಎಲ್ಲಿದೆಯೆಂದು ಹುಡುಕುವುದಾದರೂ ಹೇಗೆ? ಮತ್ತೆ ಅಗೆಯಬೇಕು. ಆ ಅಗೆತದ ಖರ್ಚು ಹೆಚ್ಚಾಗಿ ಮನೆಯವನ ತಲೆಯ ಮೇಲೆಯೇ ಬೀಳುತ್ತದೆ.

ಕುಡಿಯುವ ನೀರಿನ ಕೊಳವೆಯು ಚರಂಡಿಯಿಂದ ಅಡ್ಡಲಾಗಿ ಕನಿಷ್ಠ 3 ಮೀಟರ್ ದೂರವಿರಬೇಕು, ಅದು ಸಾಧ್ಯವಾಗದಿದ್ದರೆ ಚರಂಡಿಯ ಮೇಲ್ಭಾಗಕ್ಕಿಂತ ಅರ್ಧ ಮೀಟರ್ ಎತ್ತರದಲ್ಲಿರಬೇಕು ಎಂದು ಕೇಂದ್ರ ಸರಕಾರದ ನೀರು ಸರಬರಾಜು ಕೈಪಿಡಿಯೇ ಹೇಳಿದೆ. ಎಂಟು ಅಡಿ ಅಗಲದ ಓಣಿಯಲ್ಲಿ 3 ಮೀಟರ್ ಎಲ್ಲಿಂದ ಬರಬೇಕು ಎಂದು ಕೇಳಬಹುದು, ಸರಿಯೇ. ಆದರೆ ಅರ್ಧ ಮೀಟರ್ ಎತ್ತರಿಸಲು ಅಥವಾ ಗಟಾರ ದಾಟುವಲ್ಲಿ ಪೈಪಿಗೆ ಇನ್ನೊಂದು ಕೊಳವೆಯ ಕವಚ ತೊಡಿಸಲು ಯಾವ ಅಡ್ಡಿ? 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಶುದ್ಧೀಕರಣ ಘಟಕದ ನಿರ್ವಹಣೆಯೇ ಚರ್ಚೆಗೆ ಬಂದಿತು, ನಿಜ. ಆದರೆ ಘಟಕದಲ್ಲಿ ಶುದ್ಧವಾಗಿ ಹೊರಟ ನೀರು ಕೂಡ ಕೊನೆಯ ಹತ್ತು ಅಡಿಯಲ್ಲಿ ಕೆಡಬಲ್ಲದು ಎಂಬುದು ಅಷ್ಟೇ ನಿಜ.

ಈ ವಿಷಯದಲ್ಲಿ ನಾವೇನು ನಿರಪರಾಧಿಗಳಲ್ಲ. ನೀರು ಬಿಟ್ಟ ದಿನ ನಲ್ಲಿಗೆ ನೇರವಾಗಿ ಮೋಟಾರು ಜೋಡಿಸುವವರು ನಮ್ಮಲ್ಲಿ ಎಷ್ಟು ಮಂದಿ? ಮೋಟಾರು ನೀರನ್ನಷ್ಟೇ ಎಳೆಯುವುದಿಲ್ಲ, ಪೈಪಿನ ಬಿರುಕಿನಲ್ಲಿ ನಿಂತ ಗಟಾರವನ್ನೂ ಎಳೆಯುತ್ತದೆ. ಪಕ್ಕದ ಮನೆಯ ಪಾಲನ್ನು ಕಸಿದದ್ದಲ್ಲದೆ ಅವರ ಮಕ್ಕಳಿಗೆ ಭೇದಿಯನ್ನೂ ಹಂಚಿದಂತಾಯಿತು. ವುಝೂ ಮಾಡುವಾಗ ನೀರಿನ ಶುದ್ಧಿಯ ಬಗ್ಗೆ ಅಷ್ಟು ಎಚ್ಚರ ವಹಿಸುವ ನಾವು ಕುಡಿಯುವ ಬಿಂದಿಗೆಯ ವಿಷಯದಲ್ಲಿ ಏಕಿಷ್ಟು ಅಸಡ್ಡೆ ತೋರುತ್ತೇವೆ?

ಹೊಸ ಕೊಳವೆ ಹಾಕಿದೊಡನೆ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆಯೂ ಬೇಡ. ಬೀದಿಯಲ್ಲಿ ಹೊಸ ಕೊಳವೆ, ಮನೆಯೊಳಗೆ ಹಳೆಯ ಪೈಪು ಎಂದಾದಾಗ ಹೆಚ್ಚಿದ ಒತ್ತಡಕ್ಕೆ ಒಡೆಯುವುದು ಹಳೆಯದೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಹರಿಯಲಾರಂಭಿಸಿತು. ಆ ಯೋಜನೆಯ ದರ, ಖಾಸಗಿ ನಿರ್ವಹಣೆಗಳ ಬಗ್ಗೆ ನಮಗೆ ಆಕ್ಷೇಪಗಳಿರಬಹುದು. ಆದರೆ ಅಲ್ಲಿ ಮುಖ್ಯ ಕೊಳವೆಯೊಂದಿಗೆ ಮನೆ ಮನೆಯ ಸಂಪರ್ಕವನ್ನೂ ಮೀಟರಿನವರೆಗೆ ಬದಲಿಸಲಾಯಿತು ಎಂಬುದು ಗಮನಾರ್ಹ. ಕೊನೆಯ ಹತ್ತು ಅಡಿಯನ್ನು ಯೋಜನೆಯೊಳಗೆ ಸೇರಿಸಿಕೊಂಡದ್ದೇ ಅಲ್ಲಿನ ಜಾಣತನ. ಸಣ್ಣ ಪಟ್ಟಣಗಳ ರಸ್ತೆ ಕಾಮಗಾರಿಗಳಲ್ಲಿ ಬಿಟ್ಟುಹೋಗುವುದೂ ಅದೇ ಹತ್ತು ಅಡಿ. ಬೀದಿ ಗುತ್ತಿಗೆದಾರನದು, ಮನೆ ಮಾಲಕನದು, ನಡುವಣ ಪೈಪು ಯಾರದೂ ಅಲ್ಲ.

ರಸ್ತೆಯ ಎತ್ತರದ ವಿಷಯದಲ್ಲಿ ನೆರೆಯ ತಮಿಳುನಾಡು ದಾರಿ ತೋರಿದೆ. ಹಳೆಯ ಪದರವನ್ನು ಕೆರೆದು ತೆಗೆದ ನಂತರವೇ ಹೊಸದನ್ನು ಹಾಕಬೇಕು, ಮನೆಗಳು ರಸ್ತೆಗಿಂತ ತಗ್ಗಾಗಬಾರದು ಎಂದು ಅಲ್ಲಿನ ಮುಖ್ಯ ಕಾರ್ಯದರ್ಶಿ 2021ರ ಮೇ ತಿಂಗಳಲ್ಲಿ ಆದೇಶಿಸಿದ್ದರು. ನಮ್ಮ ಪುರಸಭೆಗಳ ಸದಸ್ಯರು ಇಂತಹುದೊಂದು ಠರಾವನ್ನು ಅಂಗೀಕರಿಸಲು ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ಮತ ಕೇಳಲು ಬಂದವರನ್ನು ನಾವು ರಸ್ತೆ ಯಾವಾಗ ಎಂದಷ್ಟೇ ಕೇಳುತ್ತೇವೆ. ಭೂಮಿಪೂಜೆಯ ದಿನ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತೇವೆ. ಅಂದಾಜು ಪಟ್ಟಿ ತೋರಿಸಿ ಎಂದು ಕೇಳುವವರು ವಿರಳ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನೂ ಅದರ ಪ್ರತಿಯನ್ನು ಕೇಳಬಹುದು. ಆ ಪಟ್ಟಿಯಲ್ಲಿ ಹಳೆಯ ರಸ್ತೆಯನ್ನು ಕೀಳುವ ಬಾಬತ್ತು ಇದೆಯೇ, ಮನೆ ಸಂಪರ್ಕಗಳ ಬದಲಾವಣೆಗೆ ಹಣವಿದೆಯೇ, ಚರಂಡಿಯ ತಳ ಬಚ್ಚಲಿನ ತೂಬಿಗಿಂತ ಕೆಳಗಿದೆಯೇ ಎಂದು ಮೊಹಲ್ಲಾದ ನಾಲ್ಕು ಮಂದಿ ಕುಳಿತು ನೋಡಬೇಕು. ಓದು ಬಲ್ಲ ಯುವಕರು ಇದಕ್ಕೆ ಮುಂದಾಗಲಿ. ಜುಮಾದ ನಂತರ ಹತ್ತು ನಿಮಿಷ ಇದಕ್ಕೆ ಮೀಸಲಾದರೂ ಸಾಕು, ಪಕ್ಕದ ಓಣಿಯ ಹಿಂದೂ ಸಹೋದರರನ್ನೂ ಕರೆಯಬೇಕು, ಏಕೆಂದರೆ ಗಟಾರ ಎರಡೂ ಓಣಿಗಳದ್ದು. ಮಾಹಿತಿ ನೀಡಲು ಕಾನೂನು ಕೊಟ್ಟಿರುವ ಅವಧಿ 30 ದಿನ. ಕಾಂಕ್ರೀಟ್ ಗಟ್ಟಿಯಾಗಲು ಒಂದು ರಾತ್ರಿ ಸಾಕು. ಆದುದರಿಂದ ಅರ್ಜಿಯು ಜೆಸಿಬಿಗಿಂತ ಮೊದಲು ಹೋಗಬೇಕು.